ಕಂಠೀರವದಲ್ಲಿ ಎರಡು ಕಪ್ ಎತ್ತಿದ ಜಪಾನ್ ಕೋಚ್: ಟಾಮ್ ಹೊವಾಸ್ ಲೆಕ್ಕ ಏನಿತ್ತು?

ಕಂಠೀರವ_ಬಾಲ್ಕನಿ

ಜಪಾನ್ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಕೋಚ್ ಆಗಿದ್ದ ಟಾಮ್ ಹೊವಾಸ್ ಅಂದ ಕೂಡಲೇ ಎಲ್ಲರೂ ಟೋಕಿಯೊ ಒಲಿಂಪಿಕ್ಸ್ ಬೆಳ್ಳಿಯಿಂದ ಕಥೆ ಶುರು ಮಾಡ್ತಾರೆ. ಆ ಕಥೆಯ ಮೊದಲ ಪುಟ ಬೆಂಗಳೂರಲ್ಲೇ ಬರೆದದ್ದು ಅನ್ನೋದು ನಮ್ಮವರಿಗೂ ಮರೆತು ಹೋಗಿದೆ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಇಲ್ಲಿ ನಡೆಯಿತು. ಜಪಾನ್ ಮುಖ್ಯ ಕೋಚ್ ಆಗಿ ಅವರ ಮೊದಲ ದೊಡ್ಡ ಟೂರ್ನಿ ಅದು. ಫೈನಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 74–73. ಆಸ್ಟ್ರೇಲಿಯಾ ಏಷ್ಯಾ ಕಪ್‌ಗೆ ಕಾಲಿಟ್ಟ ಮೊದಲ ವರ್ಷವೇ ಅದು. ಮತ್ತೆ 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲೇ ಚೀನಾ ವಿರುದ್ಧ 71–68. ಎರಡು ಫೈನಲ್ ಸೇರಿಸಿದರೂ ಗೆಲುವಿನ ಅಂತರ 4 ಅಂಕ!

2017ರ ಅದೇ ವಾರ ಇದೇ ಊರಲ್ಲಿ ಭಾರತದ ಹುಡುಗಿಯರು ಡಿವಿಷನ್ ಬಿ ಫೈನಲ್‌ನಲ್ಲಿ ಕಜಕಸ್ತಾನವನ್ನ 75–73ರಲ್ಲಿ ಸೋಲಿಸಿ ಮೇಲಿನ ಡಿವಿಷನ್‌ಗೆ ಏರಿದರು. ಕೋಚ್ ಸರ್ಬಿಯಾದ ಜೊರಾನ್ ವಿಸಿಚ್. 2019ರಲ್ಲಿ ಅದೇ ಭಾರತ ಜಪಾನ್ ಇದ್ದ ಗುಂಪಿಗೇ ಬಿದ್ದು ಒಂದೂ ಪಂದ್ಯ ಗೆಲ್ಲದೆ ಎಂಟನೇ ಸ್ಥಾನಕ್ಕೆ ನಿಂತಿತು.

ನನ್ನ ಪ್ರಶ್ನೆ ಇಷ್ಟೆ. ಜಪಾನ್ ಹುಡುಗಿಯರು ನಮ್ಮವರಿಗಿಂತ ಅಂಥಾ ಎತ್ತರವೇನಿಲ್ಲ. ಹಾಗಿದ್ದರೆ ಆ ಮನುಷ್ಯ ಮಾಡಿದ್ದೇನು? "ಶಿಸ್ತು", "ಛಲ" ಅಂತ ಹೇಳೋದು ಬೇಡ. ಕೋರ್ಟ್ ಮೇಲೆ ಏನು ಮಾಡಿದರು ಅಂತ ಗೊತ್ತಿರೋರು ಹೇಳಿ.

ಸ್ಕೋರ್‌ಶೀಟ್_ಶಾನುಭೋಗ

ಮೊದಲು ಅವರ ಜಾತಕ ಹಾಕಿಬಿಡೋಣ, ಉತ್ತರದ ಅರ್ಧ ಅದರಲ್ಲೇ ಇದೆ.

ಹುಟ್ಟಿದ್ದು 1967, ಅಮೆರಿಕದ ಕೊಲರಾಡೊ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಟ. 1990ರಲ್ಲಿ ಜಪಾನಿಗೆ ಹೋಗಿ ಟೊಯೋಟಾ ಕಂಪನಿ ತಂಡ ಸೇರಿದರು. ಅಲ್ಲಿನ ಲೀಗ್‌ನಲ್ಲಿ ಸತತ ನಾಲ್ಕು ಸೀಸನ್ ಅತಿ ಹೆಚ್ಚು ಅಂಕ ಗಳಿಸಿದ ಆಟಗಾರ. 1994–95ರಲ್ಲಿ ಅಟ್ಲಾಂಟಾ ಹಾಕ್ಸ್ ಪರ ಎನ್‌ಬಿಎಯಲ್ಲಿ (ಅಮೆರಿಕದ ವೃತ್ತಿಪರ ಲೀಗ್) ಆಡಿದ್ದು ಎರಡೇ ಎರಡು ಪಂದ್ಯ. ಮತ್ತೆ ಜಪಾನ್. 2010ರಲ್ಲಿ ಮಹಿಳಾ ಲೀಗ್‌ನ ಜೆಎಕ್ಸ್ ಸನ್‌ಫ್ಲವರ್ಸ್ ತಂಡಕ್ಕೆ ಸಹಾಯಕ ಕೋಚ್. ರಿಯೊ 2016ರಲ್ಲಿ ಮುಖ್ಯ ಕೋಚ್ ಉತ್ಸುಮಿ ಅವರ ಕೈಕೆಳಗೆ ರಾಷ್ಟ್ರೀಯ ತಂಡದ ಸಹಾಯಕ. ಆಮೇಲೆ ಒಂದು ಸೀಸನ್ ಕ್ಲಬ್‌ನ ಮುಖ್ಯ ಕೋಚ್, 2017ರಲ್ಲಿ ರಾಷ್ಟ್ರೀಯ ತಂಡ. 2021ರವರೆಗೆ ಮಹಿಳೆಯರು, ಆಮೇಲೆ ಪುರುಷರು.

ಇಲ್ಲಿ ಗಮನಿಸಬೇಕಾದ್ದು ಆ ಏಳು ವರ್ಷ. ಸನ್‌ಫ್ಲವರ್ಸ್ ಆಗ ಲೀಗನ್ನ ಸತತವಾಗಿ ಗೆಲ್ಲುತ್ತಿದ್ದ ತಂಡ, ರಾಷ್ಟ್ರೀಯ ತಂಡದ ಬೆನ್ನೆಲುಬು. ಪಟ್ಟಕ್ಕೆ ಬರೋ ಹೊತ್ತಿಗೆ ತೋಕಾಶಿಕಿ, ಮಿಯಾಜಾವಾ ಈ ಆಟಗಾರ್ತಿಯರ ಎಡಗೈ ಬಲಗೈ ಎಲ್ಲ ಹೊವಾಸ್‌ಗೆ ಬಾಯಿಪಾಠ. ಇವರು ವಿಮಾನ ಇಳಿದು ಬಂದ ವಿದೇಶಿ ಕೋಚ್ ಅಲ್ಲ.

ಒಸಾಕಾ_ಕನ್ನಡಿಗ

ಶಾನುಭೋಗರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ: ಭಾಷೆ. ಹೊವಾಸ್ ಟೈಮ್‌ಔಟ್‌ನಲ್ಲಿ ನೇರ ಜಪಾನಿಯಲ್ಲೇ ಬೈತಾರೆ, ದುಭಾಷಿ ಇಲ್ಲ. ವ್ಯಾಕರಣ ಅಲ್ಲಲ್ಲಿ ಜಾರಿದರೂ ಯಾರಿಗೂ ಅರ್ಥ ಆಗದೆ ಉಳಿಯೋದಿಲ್ಲ.

ಇದು ಚಿಲ್ಲರೆ ವಿಷಯ ಅಲ್ಲ, ಲೆಕ್ಕ ಹಾಕಿ. ಫೀಬಾ (ವಿಶ್ವ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಟೈಮ್‌ಔಟ್ ಒಂದು ನಿಮಿಷ. ಮೊದಲರ್ಧಕ್ಕೆ ಎರಡು, ಎರಡನೇ ಅರ್ಧಕ್ಕೆ ಮೂರು, ಅದರಲ್ಲೂ ಕೊನೆಯ ಎರಡು ನಿಮಿಷದೊಳಗೆ ಎರಡಕ್ಕಿಂತ ಹೆಚ್ಚು ಬಳಸುವ ಹಾಗಿಲ್ಲ. ಅಂದರೆ ಇಡೀ ಪಂದ್ಯಕ್ಕೆ ಕೋಚ್‌ಗೆ ಸಿಗೋದು ಐದು ನಿಮಿಷ. ಆಟಗಾರರು ಬಂದು ಕೂತು ನೀರು ಕುಡಿಯೋದಕ್ಕೆ ಹದಿನೈದು ಸೆಕೆಂಡ್, ಎದ್ದು ಹೋಗೋದಕ್ಕೆ ಹತ್ತು. ಉಳಿದ ಮೂವತ್ತೈದರಲ್ಲಿ ದುಭಾಷಿ ನಿಂತರೆ ಮಾತು ಅರ್ಧ. ಬೋರ್ಡ್ ಮೇಲೆ ಒಂದು ಪ್ಲೇ (ದಾಳಿಯ ಯೋಜನೆ) ಬರೆದು "ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಲ್ಲೋದು) ಯಾರು, ಮೊದಲು ಓಡೋದು ಯಾರು" ಅಂತ ಹೇಳಿ ಮುಗಿಸೋಕೆ ಹದಿನೇಳು ಸೆಕೆಂಡ್ ಸಾಲೋದಿಲ್ಲ.

ಹೈ_ಪೋಸ್ಟ್

ಈಗ ಕೋರ್ಟ್ ಮೇಲಿನ ವಿಷಯಕ್ಕೆ ಬರೋಣ. ಹೊವಾಸ್ ಪದ್ಧತಿಗೆ ಸಾಮಾನ್ಯವಾಗಿ "ಫೈವ್ ಔಟ್" ಅಂತಾರೆ. ಐದೂ ಜನ ತ್ರೀ ಪಾಯಿಂಟ್ ಗೆರೆಯ (ಇದರಾಚೆಯಿಂದ ಬಿದ್ದರೆ ಮೂರು ಅಂಕ, ಅದೇ "ತ್ರೀ") ಆಚೆ ನಿಂತು ಆಟ ಶುರು ಮಾಡೋದು, ರಿಂಗ್ ಕೆಳಗೆ ನಮ್ಮವರು ಯಾರೂ ಇಲ್ಲ.

ಟೋಕಿಯೊ ಹೊತ್ತಿಗೆ ಅವರ ಅತಿ ಎತ್ತರದ ಆಟಗಾರ್ತಿ, 193 ಸೆಂ.ಮೀ. ತೋಕಾಶಿಕಿ, ಮೊಣಕಾಲು ಗಾಯದಿಂದ ಹೊರಗೆ. ಸೆಂಟರ್ (ರಿಂಗ್ ಹತ್ತಿರ ಆಡೋ ಎತ್ತರದ ಆಟಗಾರ್ತಿ) ಆಗಿ ಉಳಿದದ್ದು ಆರಡಿ ಆಸುಪಾಸಿನ ಮಾಕಿ ತಕಾದಾ. ಇಂಥ ಸೆಂಟರ್ ಅನ್ನು ಎದುರಾಳಿಯ ಆರೂವರೆ ಅಡಿಯವರ ಜೊತೆ ರಿಂಗ್ ಕೆಳಗೆ ಗುದ್ದಾಡೋಕೆ ಬಿಟ್ಟರೆ ಸೋಲು ಖಚಿತ. ಅದಕ್ಕೆ ತಕಾದಾ ಹೊರಗೆ ಬಂದರು. ಅವರು ಹೊರಗಿನಿಂದ ಹೊಡೀತಾರೆ ಅನ್ನೋ ಭಯಕ್ಕೆ ಎದುರಾಳಿ ಸೆಂಟರ್ ಕೂಡ ರಿಂಗ್ ಬಿಟ್ಟು ಆರೇಳು ಮೀಟರ್ ಆಚೆ ಬರಬೇಕಾಯ್ತು. ಒಳಗೆ ಜಾಗ ಖಾಲಿ. ಆ ಖಾಲಿ ಜಾಗಕ್ಕೆ 162 ಸೆಂ.ಮೀ. ಎತ್ತರದ ರುಯಿ ಮಾಚಿದಾ ನುಗ್ಗಿದರು. ಸಹಾಯಕ್ಕೆ ಒಬ್ಬರು ಒಳಗೆ ಬಂದರೆ ಅವರು ಬಿಟ್ಟು ಬಂದವರಿಗೆ ಪಾಸ್. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಮಾಚಿದಾ 18 ಅಸಿಸ್ಟ್ (ನೇರ ಅಂಕಕ್ಕೆ ದಾರಿಯಾದ ಪಾಸ್) ಕೊಟ್ಟರು, ಒಲಿಂಪಿಕ್ಸ್ ದಾಖಲೆ. ಪಂದ್ಯ 87–71.

ಈ ಯಂತ್ರದಲ್ಲಿ ಒಂದೇ ಒಂದು ಹಲ್ಲು ಮುರಿದರೂ ಚಕ್ರ ನಿಲ್ಲುತ್ತೆ. ಐದರಲ್ಲಿ ಒಬ್ಬರು ಹೊಡೆಯೋಕೆ ಹಿಂಜರಿದರೆ ಅವರ ಡಿಫೆಂಡರ್ ರಿಂಗ್ ಹತ್ತಿರ ಹೋಗಿ ನಿಂತು ಕಾವಲು ಕಾಯ್ತಾರೆ, ನುಗ್ಗೋ ದಾರಿ ಮುಚ್ಚಿಹೋಗುತ್ತೆ. ಹಾಗಾಗಿಯೇ ಹೊವಾಸ್ ಸಿಟ್ಟು ಮಾಡೋದು ಹೊಡೆದು ತಪ್ಪಿದವರ ಮೇಲಲ್ಲ, ಖಾಲಿ ನಿಂತು ಹೊಡೆಯದವರ ಮೇಲೆ. ಇದನ್ನ ಕೆಲವರು ಹುರಿದುಂಬಿಸೋ ಮಾತು ಅಂದ್ಕೊಂಡಿದ್ದಾರೆ. ಅಲ್ಲ, ಅದು ಜಾಗದ ಲೆಕ್ಕ.

ಸ್ಕೋರ್‌ಶೀಟ್_ಶಾನುಭೋಗ

ಲೆಕ್ಕ ಅಂದಿರಲ್ಲ, ಪೂರ್ತಿ ಹಾಕಿಬಿಡ್ತೀನಿ.

ರಿಂಗ್ ಹತ್ತಿರದ ಟು ಪಾಯಿಂಟ್ 100ಕ್ಕೆ 50 ಬಿದ್ದರೆ 100 ಅಂಕ. ತ್ರೀ 100ಕ್ಕೆ 34 ಬಿದ್ದರೆ 102. ಮಧ್ಯದ ನಾಲ್ಕೈದು ಮೀಟರ್ ಜಂಪ್ ಶಾಟ್ 38 ಬಿದ್ದರೆ 76. ನಮ್ಮ ಕಡೆ ಪಂದ್ಯಗಳಲ್ಲಿ ಚಪ್ಪಾಳೆ ಬೀಳೋದು ಈ ಮೂರನೇದಕ್ಕೇ! ಗಿಡ್ಡ ತಂಡಕ್ಕೆ ಮೊದಲನೇದು ಕಷ್ಟ, ಯಾಕಂದ್ರೆ ಎತ್ತರದವರ ಕೈ ಮೇಲಿರುತ್ತೆ, 50 ಅನ್ನೋದು 40ಕ್ಕೆ ಇಳಿಯುತ್ತೆ. ತ್ರೀಯಲ್ಲಿ ಎತ್ತರದ ಪೆಟ್ಟು ಕಡಿಮೆ.

ಇನ್ನೊಂದು ಸೂತ್ರ ಬರೆದಿಟ್ಟುಕೊಳ್ಳಿ, ತಂಡಕ್ಕೆ ಎಷ್ಟು ಸರದಿ (ಬಾಲ್ ಹಿಡಿದು ದಾಳಿ ಮಾಡೋ ಅವಕಾಶ) ಸಿಕ್ಕಿತು ಅಂತ ತಿಳಿಯೋಕೆ: ಒಟ್ಟು ಹೊಡೆತ + ಫ್ರೀ ಥ್ರೋ × 0.44 − ಆಕ್ರಮಣದ ರಿಬೌಂಡ್ (ತಪ್ಪಿದ ನಮ್ಮದೇ ಹೊಡೆತವನ್ನ ನಾವೇ ಹಿಡಿದದ್ದು) + ಕಳೆದುಕೊಂಡ ಬಾಲ್. ಉದಾಹರಣೆಗೆ ಹೊಡೆತ 70, ಫ್ರೀ ಥ್ರೋ 15, ಆಕ್ರಮಣದ ರಿಬೌಂಡ್ 10, ಕಳೆದುಕೊಂಡ ಬಾಲ್ 13 ಇದ್ದರೆ 70 + 6.6 − 10 + 13 = 79.6. ಅಂಕ 87 ಆಗಿದ್ದರೆ ಒಂದು ಸರದಿಗೆ 1.09. ಒಂದರ ಮೇಲಿದ್ದರೆ ಪರವಾಗಿಲ್ಲ, 0.9ಕ್ಕಿಂತ ಕೆಳಗಿದ್ದರೆ ಕಾಯಿಲೆ ಇದೆ. ಬರೀ ಒಟ್ಟು ಅಂಕ ನೋಡಿದರೆ ವೇಗವಾಗಿ ಆಡೋ ಕೆಟ್ಟ ತಂಡವೂ ಚೆನ್ನಾಗಿ ಕಾಣುತ್ತೆ.

ಧಾರವಾಡ_ಡ್ರಿಬಲ್

ಅಲ್ರಿ, ಇಷ್ಟೆಲ್ಲಾ ಲೆಕ್ಕ ಹಾಕೀರಿ, ಟೋಕಿಯೊ ಫೈನಲ್‌ದಾಗ ಅಮೆರಿಕಾದ ಎದುರು ಏನಾತು ಅದನ್ನೂ ಹೇಳ್ರಿ. 75–90. ಗ್ರೈನರ್ ಒಬ್ಬಾಕಿನ 30 ಪಾಯಿಂಟ್ ಹೊಡದ್ಲು. ಆರಡಿ ಒಂಬತ್ತು ಇಂಚಿನಾಕಿ ರಿಂಗಿನ ಬುಡಕ ಬಾಲ್ ಹಿಡದ್ರ ಯಾವ ಫೈವ್ ಔಟ್ ಏನು ಮಾಡ್ತದ? ನಿಮ್ಮ ಪದ್ಧತಿ ಬಾಲ್ ನಮ್ಮ ಕೈಯಾಗ ಇದ್ದಾಗಿನ ಮಾತು ಆತು. ಡಿಫೆನ್ಸ್ ಕಥಿ ಏನು?

ಹೈ_ಪೋಸ್ಟ್

ಸರಿಯಾದ ಪ್ರಶ್ನೆ ಕೇಳಿದಿರಿ ಧಾರವಾಡದವರೇ. ಗುಂಪಿನ ಪಂದ್ಯದಲ್ಲೂ ಅಮೆರಿಕಕ್ಕೆ 69–86ರಲ್ಲಿ ಸೋತಿದ್ದರು. ಆ ಗೋಡೆ ಬೀಳಲೇ ಇಲ್ಲ, ಒಪ್ಪಿಕೊಳ್ಳೋಣ.

ಗಿಡ್ಡ ತಂಡದ ಡಿಫೆನ್ಸ್ ಮೂರು ಹಂತದಲ್ಲಿ ಎತ್ತರವನ್ನ ತಡೆಯೋಕೆ ನೋಡುತ್ತೆ. ಮೊದಲು ಬಾಲ್ ತರೋ ಗಾರ್ಡ್ ಮೇಲೆ ಮುಕ್ಕಾಲು ಕೋರ್ಟ್‌ನಿಂದಲೇ ಒತ್ತಡ. ಗೆರೆ ದಾಟೋಕೆ 8 ಸೆಕೆಂಡ್ ನಿಯಮ, ಒಟ್ಟು 24. ಏಳು ಸೆಕೆಂಡ್ ಅಲ್ಲೇ ತಿಂದರೆ ದಾಳಿಗೆ ಉಳಿಯೋದು 17. ಎರಡನೇದು, ಪೋಸ್ಟ್ ಆಟಗಾರರ (ರಿಂಗ್ ಹತ್ತಿರ ಬಾಲ್ ಹಿಡಿಯೋ ಎತ್ತರದವರು) ಹಿಂದೆ ನಿಲ್ಲದೆ ಮುಂದೆ ನಿಂತು ಪಾಸ್ ದಾರಿ ಮುಚ್ಚೋದು. ತಲೆ ಮೇಲಿಂದ ಎಸೆದರೆ ಹಿಂದಿನಿಂದ ಇನ್ನೊಬ್ಬರು ಬರಬೇಕು. ಮೂರನೇದು, ಬಾಲ್ ಒಳಗೆ ಹೋಗೇಬಿಟ್ಟರೆ ಆಕೆ ಅದನ್ನ ಒಮ್ಮೆ ನೆಲಕ್ಕೆ ಬಡಿಯೋ ಹೊತ್ತಿಗೆ ಇಬ್ಬರು ಮುತ್ತೋದು.

ಗ್ರೈನರ್ ಮೂರನ್ನೂ ಕೆಡಿಸ್ತಾರೆ. ಎತ್ತರಕ್ಕೆ ಎಸೆದ ಬಾಲನ್ನ ಮೇಲೇ ಹಿಡೀತಾರೆ, ನೆಲಕ್ಕೆ ಬಡಿಯೋದೇ ಇಲ್ಲ. ಅಲ್ಲಿಂದ ತಿರುಗಿ ಹಾಕಿಬಿಡ್ತಾರೆ. ಇಬ್ಬರು ಮುತ್ತೋದಕ್ಕೆ ಸಮಯವೇ ಸಿಗಲ್ಲ. ಅದರ ಜೊತೆಗೆ ತ್ರೀ ಬೀಳದ ದಿನ ಬಂದರೆ ಲೆಕ್ಕದ ಇನ್ನೊಂದು ಬದಿಯೂ ಹೋಯ್ತು.

ಮತ್ತೊಂದು ಹೇಳಲೇಬೇಕು. ತ್ರೀ ತಪ್ಪಿದಾಗ ಬಾಲ್ ದೂರ ಚಿಮ್ಮುತ್ತೆ, ಕಾರ್ನರ್‌ನಿಂದ ತಪ್ಪಿದ್ದು ಬಹುಪಾಲು ಎದುರು ಬದಿಗೆ ಹೋಗುತ್ತೆ. ಐದೂ ಜನ ಮುಂದಿದ್ದರೆ ಎದುರಾಳಿಗೆ ಬಿಟ್ಟಿ ಲೇಅಪ್ (ರಿಂಗ್ ಬುಡಕ್ಕೆ ಓಡಿ ಹಾಕೋ ಹೊಡೆತ). ಅದಕ್ಕೆ ಬಾಲ್ ಕೈಬಿಡೋ ಮುಂಚೆಯೇ ಇಬ್ಬರು ಮಧ್ಯಗೆರೆ ಕಡೆ ತಿರುಗಿರಬೇಕು. ಹೊಡೆದ ಮೇಲೆ ನೋಡೋಣ ಅಂದ್ರೆ ಎರಡು ಹೆಜ್ಜೆ ತಡ ಆಗಿರುತ್ತೆ.

ಬೆಂಚ್_ಹನ್ನೆರಡು

ಬೆಲ್ಜಿಯಂ ವಿರುದ್ಧದ ಕ್ವಾರ್ಟರ್‌ಫೈನಲ್ ಯಾರೂ ಹೇಳಿಲ್ಲವಲ್ಲ. 83–85 ಹಿಂದೆ, ಹದಿನೈದು ಸೆಕೆಂಡ್ ಚಿಲ್ಲರೆ ಬಾಕಿ. ಸಾಕಿ ಹಯಾಶಿ ತ್ರೀ ಹಾಕಿ 86–85. ಎರಡು ಅಂಕ ಹಿಂದಿದ್ದಾಗ ಬಹಳ ಕೋಚ್‌ಗಳು ಓವರ್‌ಟೈಮ್ ಆಸೆಗೆ ಒಳಗೆ ನುಗ್ಗಿಸ್ತಾರೆ. ಇವರು ನೇರ ಗೆಲುವಿಗೆ ಹೊಡೆದರು.

ಎತ್ತರದ ತಂಡದ ಎದುರು ಇನ್ನೂ ಐದು ನಿಮಿಷ ಆಡೋದು ಗಿಡ್ಡ ತಂಡಕ್ಕೆ ಲಾಭ ಅಲ್ಲ. ದಣಿವು, ಫೌಲ್ ಎರಡೂ ಎತ್ತರದವರಿಗೇ ಅನುಕೂಲ ಆಗುತ್ತೆ. ಹಾಗಾಗಿ ಆ ಹೊಡೆತ ಜೂಜು ಅಂತ ನನಗೆ ಅನ್ನಿಸಲ್ಲ. ಹಯಾಶಿಯನ್ನ ತಂಡಕ್ಕೆ ತಗೊಂಡದ್ದೇ ಅದೊಂದು ಕೆಲಸಕ್ಕೆ.

ಮಲ್ಲೇಶ್ವರಂ_ಮೂರಂಕ

ಪುರುಷರ ತಂಡದ ವಿಷಯಕ್ಕೆ ಬನ್ನಿ, ಅಸಲಿ ಪರೀಕ್ಷೆ ಅಲ್ಲಿ. ಹೊವಾಸ್‌ಗೆ ಮುಂಚೆ ಇದ್ದವರು ಅರ್ಜೆಂಟೀನಾದ ಹುಲಿಯೊ ಲಾಮಾಸ್, ಸಾಮಾನ್ಯರಲ್ಲ, 2012ರ ಲಂಡನ್‌ನಲ್ಲಿ ಅರ್ಜೆಂಟೀನಾ ತಂಡಕ್ಕೇ ಕೋಚ್ ಆಗಿದ್ದವರು. ಅವರ ಕಾಲದಲ್ಲಿ ಜಪಾನ್ 2019ರ ವಿಶ್ವಕಪ್‌ನಲ್ಲಿ ಐದಕ್ಕೆ ಐದೂ ಸೋಲು, ಟೋಕಿಯೊದಲ್ಲಿ ಮೂರಕ್ಕೆ ಮೂರೂ ಸೋಲು.

ಹೊವಾಸ್ ಬಂದ ಕೂಡಲೇ ಮಳೆ ಸುರೀಲಿಲ್ಲ. 2021ರ ನವೆಂಬರ್‌ನಲ್ಲಿ ಸೆಂದಾಯಿಯಲ್ಲಿ ಚೀನಾ ವಿರುದ್ಧ ಎರಡು ಪಂದ್ಯ, ಎರಡೂ ಸೋಲು, ಎರಡನೇದರಲ್ಲಿ 73–106. ಆದರೆ 2023ರ ವಿಶ್ವಕಪ್, ಒಕಿನಾವಾ: ಜರ್ಮನಿ ಎದುರು 63–81 ಸೋಲು. ಫಿನ್ಲೆಂಡ್ ಎದುರು 98–88 ಗೆಲುವು. ಆಸ್ಟ್ರೇಲಿಯಾ ಎದುರು 89–109 ಸೋಲು. ವೆನೆಜುವೆಲಾ 86–77, ಕೇಪ್ ವರ್ಡ್ 80–71 ಗೆಲುವು. ಒಟ್ಟು 19ನೇ ಸ್ಥಾನ, ಏಷ್ಯಾ ತಂಡಗಳಲ್ಲಿ ಮೊದಲು. ಅದರಿಂದ ನೇರ ಪ್ಯಾರಿಸ್ ಟಿಕೆಟ್. ಆತಿಥೇಯರಾಗಿ ಅಲ್ಲದೆ ಸ್ವಂತ ಬಲದಿಂದ ಜಪಾನ್ ಪುರುಷರು ಒಲಿಂಪಿಕ್ಸ್‌ಗೆ ಹೋಗಿದ್ದು 1976ರ ನಂತರ ಅದೇ ಮೊದಲು.

ಫಿನ್ಲೆಂಡ್ ಪಂದ್ಯದ ಕೊನೇ ಕ್ವಾರ್ಟರ್ 35–15. ಒಂದು ಹಂತದಲ್ಲಿ 18 ಹಿಂದಿದ್ದ ತಂಡ! ಯೂಕಿ ಕವಾಮುರಾ 25 ಅಂಕ, 9 ಅಸಿಸ್ಟ್. ಹಾಕಿನ್ಸನ್ 28 ಅಂಕ, 19 ರಿಬೌಂಡ್.

ಸ್ಕೋರ್‌ಶೀಟ್_ಶಾನುಭೋಗ

ಜಪಾನ್ ಪೌರತ್ವ ಪಡೆದ ಅಮೆರಿಕನ್ ಹಾಕಿನ್ಸನ್ ಹೆಸರು ಬಂದಿದ್ದರಿಂದ ಒಂದು ನಿಯಮ. ಹದಿನಾರು ವರ್ಷ ತುಂಬಿದ ಮೇಲೆ ಪೌರತ್ವ ಪಡೆದ ಆಟಗಾರ ತಂಡದ ಹನ್ನೆರಡರಲ್ಲಿ ಒಬ್ಬನೇ ಇರಬಹುದು. ಹಾಗಾಗಿ ಆ ಒಂದು ಸೀಟಿಗೆ ಯಾರು ಅನ್ನೋದು ಕೋಚ್ ತೆಗೆದುಕೊಳ್ಳೋ ಅತಿ ದುಬಾರಿ ನಿರ್ಧಾರ. ಬೇರೆ ಏಷ್ಯಾ ತಂಡಗಳಲ್ಲಿ ಹಲವು ಅಂಕ ಹೊಡೆಯೋ ಅಮೆರಿಕನ್ ಗಾರ್ಡ್‌ನ ತರಿಸ್ತವೆ. ಅವನ ಕೈಗೆ ಬಾಲ್ ಹೋದರೆ ಮಿಕ್ಕ ನಾಲ್ವರು ನಿಂತು ನೋಡ್ತಾರೆ. ಜಪಾನ್ ತಗೊಂಡದ್ದು 208 ಸೆಂ.ಮೀ. ಎತ್ತರದ, ಹೊರಗಿನಿಂದಲೂ ಹೊಡೆಯೋ, ಸ್ಕ್ರೀನ್ ಹಾಕಿ ಓಡೋ ದೊಡ್ಡ ಆಟಗಾರನ್ನ. ಮಹಿಳಾ ತಂಡದಲ್ಲಿ ತಕಾದಾ ಮಾಡಿದ ಕೆಲಸಕ್ಕೇ ಆಳು ಹುಡುಕಿದ್ದು, ದೊಡ್ಡ ಹೆಸರು ಹುಡುಕಿದ್ದಲ್ಲ.

ಧಾರವಾಡ_ಡ್ರಿಬಲ್

ಕೇಪ್ ವರ್ಡ್ ಮ್ಯಾಚ್ ಪೂರ್ತಿ ನೋಡೀರೇನು? ತೊಮಿನಾಗಾ ಒಬ್ಬಾಂವ 8 ತ್ರೀದಾಗ 6 ಹಾಕಿದ. ದೊಡ್ಡ ಲೀಡ್ ಇತ್ತು, ಕೊನೇ ಕ್ವಾರ್ಟರ್‌ನಾಗ ಪಾಯಿಂಟ್ ಬರೋದ ನಿಂತುಬಿಡ್ತು, ಎದುರಿನವ್ರು ಹತ್ರ ಹತ್ರ ಬಂದುಬಿಟ್ರು. ತ್ರೀ ನಂಬಿದ ಟೀಮಿನ ರೋಗ ಇದ. ಬಿದ್ರ ಹಬ್ಬ, ಬೀಳಲಿಲ್ಲಂದ್ರ ಒಂದ ಪಾಯಿಂಟ್ ಹುಟ್ಟೂದಿಲ್ಲ. ಫ್ರೀ ಥ್ರೋ ಲೈನಿಗೆ ಹೋಗಿ ಓಟ ತಡಿಯೂ ಆಟ ಅವರಿಗೆ ಬರಲಿಲ್ಲ.

ಹೈ_ಪೋಸ್ಟ್

ಅದು ನಿಜ. ಲೀಡ್ ಇದ್ದಾಗ ಆಟ ನಿಧಾನ ಮಾಡೋದು ಬೇರೆಯೇ ವಿದ್ಯೆ. ಎದುರಾಳಿ ತಂಡದ ಫೌಲ್ ಆ ಕ್ವಾರ್ಟರ್‌ನಲ್ಲಿ ನಾಲ್ಕಾದ ಮೇಲೆ ಐದನೇದರಿಂದ ಪ್ರತಿ ಡಿಫೆನ್ಸ್ ಫೌಲ್‌ಗೂ ಎರಡು ಫ್ರೀ ಥ್ರೋ. ಆಗ ತ್ರೀ ಬಿಟ್ಟು ಬೇಕಂತಲೇ ಮೈಮೇಲೆ ನುಗ್ಗಬೇಕು. ಫೌಲ್ ಸಿಕ್ಕರೆ ಗಡಿಯಾರ ನಿಲ್ಲುತ್ತೆ, ನಮ್ಮ ಐವರು ಡಿಫೆನ್ಸ್‌ಗೆ ಜೋಡಿಸಿಕೊಳ್ಳೋಕೆ ಸಮಯ ಸಿಗುತ್ತೆ, ಎದುರಾಳಿಯ ಓಟ ಮುರಿಯುತ್ತೆ.

ಪ್ಯಾರಿಸ್ 2024ರಲ್ಲಿ ಇದಕ್ಕಿಂತ ದುಬಾರಿ ಪಾಠ ಇದೆ. ಫ್ರಾನ್ಸ್ ಎದುರು ಜಪಾನ್ 84–80 ಮುಂದೆ, ಹದಿನಾರು ಸೆಕೆಂಡ್ ಬಾಕಿ. ಎರಡನೇ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಕ್ರೀಡಾ ಮನೋಭಾವಕ್ಕೆ ವಿರುದ್ಧವಾದ) ಫೌಲ್‌ಗೆ ಜಪಾನ್‌ನ ಎನ್‌ಬಿಎ ಆಟಗಾರ ಹಚಿಮುರಾ ಆಗಲೇ ಹೊರಗೆ. ಫ್ರಾನ್ಸ್‌ನ ಸ್ಟ್ರಾಜೆಲ್ ತ್ರೀ ಹಾಕಿದರು, ಜೊತೆಗೆ ಕವಾಮುರಾ ಫೌಲ್ ಮಾಡಿದರು ಅಂತ ರೆಫರಿ ತೀರ್ಪು ಕೊಟ್ಟರು. ನಾಲ್ಕು ಅಂಕ, ಸಮ. ಓವರ್‌ಟೈಮ್‌ನಲ್ಲಿ 90–94. ಫೌಲ್ ಆಗಿತ್ತೋ ಇಲ್ಲವೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ, ನನಗೂ ಅದು ಕಠಿಣ ತೀರ್ಪು ಅನ್ನಿಸುತ್ತೆ. ಆದರೆ ಕೋಚಿಂಗ್ ದೃಷ್ಟಿಯಿಂದ ಉತ್ತರ ಒಂದೇ: ನಾಲ್ಕು ಮುಂದಿರುವಾಗ ತ್ರೀ ಬಿದ್ದರೂ ನೀವು ಒಂದು ಮುಂದೆ, ಬಾಲ್ ನಿಮ್ಮದು. ನಿಮ್ಮನ್ನ ಮುಳುಗಿಸೋದು ಒಂದೇ ಒಂದು, ತ್ರೀ ಜೊತೆಗಿನ ಫೌಲ್. ಹಾಗಾಗಿ ಕೈ ಮೇಲೆತ್ತಿ, ಒಂದು ತೋಳಿನಷ್ಟು ದೂರದಲ್ಲಿ ನಿಂತು, ನೆಗೆಯಬಾರದು. ರೆಫರಿಗೆ ಅನುಮಾನಪಡೋಕೂ ಅವಕಾಶ ಕೊಡಬಾರದು. ಮೂರು ಮುಂದಿದ್ದಾಗಿನ ನಿಯಮ ಬೇರೆ, ಅಲ್ಲಿ ಹೊಡೆಯೋ ಮುಂಚೆಯೇ ಬೇಕಂತ ಫೌಲ್ ಮಾಡೋ ವಾದ ಇದೆ. ನಾಲ್ಕಕ್ಕೆ ಆ ವಾದವೇ ಇಲ್ಲ.

ಮಲ್ಲೇಶ್ವರಂ_ಮೂರಂಕ

ಆ ಪಂದ್ಯದಲ್ಲಿ ಕವಾಮುರಾ 29 ಅಂಕ ಹೊಡೆದದ್ದನ್ನೂ ಹೇಳಿ ಮಾರಾಯ್ರೆ, 172 ಸೆಂ.ಮೀ. ಹುಡುಗ.

ಆದರೂ ಪ್ಯಾರಿಸ್‌ನಲ್ಲಿ ಮೂರಕ್ಕೆ ಮೂರೂ ಸೋಲು. 2024ರ ನವೆಂಬರ್‌ನಲ್ಲಿ ಹಚಿಮುರಾ ಬಹಿರಂಗವಾಗಿಯೇ ಜಪಾನ್ ಬಾಸ್ಕೆಟ್‌ಬಾಲ್ ಸಂಸ್ಥೆಯ ಮೇಲೆ, ಕೋಚ್ ಮುಂದುವರಿಕೆಯ ಮೇಲೆ ಅಸಮಾಧಾನ ಹೇಳಿದರು. 2025ರ ಜೆಡ್ಡಾ ಏಷ್ಯಾ ಕಪ್‌ನಲ್ಲಿ ಕ್ವಾರ್ಟರ್‌ಫೈನಲ್‌ಗೂ ಮುಂಚೆ ಲೆಬನಾನ್ ಎದುರು 73–97. ಆ ಪದ್ಧತಿಯ ಗುಟ್ಟು ರಟ್ಟಾಗಿದೆ ಅಂತ ನನ್ನ ಅಭಿಪ್ರಾಯ.

ಒಸಾಕಾ_ಕನ್ನಡಿಗ

ಗುಟ್ಟು ಮೊದಲಿಂದಲೂ ರಟ್ಟೇ ಇತ್ತು ಸರ್. ವ್ಯತ್ಯಾಸ ಇರೋದು ದಿನಗಳಲ್ಲಿ.

ಮಹಿಳಾ ತಂಡ ಒಲಿಂಪಿಕ್ಸ್‌ಗೆ ಮುಂಚೆ ತಿಂಗಳುಗಟ್ಟಲೆ ಒಂದೇ ಕಡೆ ಕ್ಯಾಂಪ್ ಮಾಡ್ತಿತ್ತು. ಬಹುತೇಕರು ಜಪಾನ್ ಲೀಗ್‌ನವರೇ. ಹತ್ತಾರು ಸೆಟ್ ಪ್ಲೇ, ಒಂದೊಂದಕ್ಕೂ ಹೆಸರು, ಮಾಚಿದಾ ಕೂಗಿದ ಕೂಡಲೇ ಐವರೂ ಜಾಗದಲ್ಲಿ. ಪುರುಷರ ವಿಶ್ವಕಪ್ ಅರ್ಹತೆ 2017ರಿಂದ "ವಿಂಡೋ" ಪದ್ಧತಿ: ನವೆಂಬರ್, ಫೆಬ್ರವರಿ, ಬೇಸಿಗೆ ಹೀಗೆ ಆರು ಸಲ, ಸಲಕ್ಕೆ ಎರಡು ಪಂದ್ಯ. ಲೀಗ್ ನಡುವೆ ಕೆಲವೇ ದಿನ ಅಭ್ಯಾಸ. ನವೆಂಬರ್–ಫೆಬ್ರವರಿಯಲ್ಲಿ ಎನ್‌ಬಿಎ ಆಟಗಾರರು ಬರೋದೇ ಇಲ್ಲ. ಪ್ರತಿ ಸಲ ಬೇರೆ ಹನ್ನೆರಡು ಜನ. ಐವರ ಟೈಮಿಂಗ್ ಮೇಲೆ ನಿಂತ ಆಟವನ್ನ ಮೂರ್ನಾಲ್ಕು ದಿನದಲ್ಲಿ ಕೂಡಿಸೋಕಾಗುತ್ತಾ? 2023ರಲ್ಲಿ ಚೆನ್ನಾಗಿ ಆಡಿದ್ದು ಬೇಸಿಗೆ ಪೂರ್ತಿ ಒಟ್ಟಿಗಿದ್ದ ತಂಡ, ಅದರಲ್ಲಿ ಹಚಿಮುರಾ ಇರಲಿಲ್ಲ ಅನ್ನೋದೂ ಕಾಕತಾಳೀಯ ಅಲ್ಲ ಅಂತ ನನಗನ್ನಿಸುತ್ತೆ.

ಬೆಂಚ್_ಹನ್ನೆರಡು

ಹಚಿಮುರಾ ಇಲ್ಲದಿದ್ದರೆ ಒಳ್ಳೇದು ಅಂತೀರಾ? ಫ್ರಾನ್ಸ್ ಎದುರು ಅವರೂ ಸೇರಿ ಆಡಿದ್ದಕ್ಕೇ ಆ ಮಟ್ಟಕ್ಕೆ ಬಂದದ್ದು. ಇದನ್ನ ಒಪ್ಪೋಕಾಗಲ್ಲ.

ಮತ್ತೆ ಇನ್ನೊಂದು ಬದಿ ನೋಡಿ. ಹೊವಾಸ್ ಬಿಟ್ಟ ಮೇಲೆ ಮಹಿಳಾ ತಂಡಕ್ಕೆ ಕೋಚ್ ಆಗಿ ಬಂದ ಒನ್ಝುಕಾ, ಹೊವಾಸ್‌ಗೇ ಸಹಾಯಕರಾಗಿದ್ದವರು. 2021ರ ಏಷ್ಯಾ ಕಪ್ ಗೆದ್ದರು, ಸತತ ಐದನೇದು. ಆಮೇಲೆ 2022ರ ವಿಶ್ವಕಪ್‌ನಲ್ಲಿ ಒಂದು ಗೆಲುವು ನಾಲ್ಕು ಸೋಲು, 2023ರ ಏಷ್ಯಾ ಫೈನಲ್‌ನಲ್ಲಿ ಚೀನಾಗೆ 71–73, ಪ್ಯಾರಿಸ್‌ನಲ್ಲಿ ಮೂರೂ ಸೋಲು. ಪದ್ಧತಿ ಕಾಗದದ ಮೇಲೆ ಅದೇ. ಹಾಗಾದರೆ ಬದಲಾಗಿದ್ದು ಕೋಚ್ ತಾನೇ?

ಹೈ_ಪೋಸ್ಟ್

ಕೋಚ್ ಜೊತೆಗೆ ಎದುರಾಳಿಗಳೂ ಬದಲಾದರು. ಮೂರು ವರ್ಷದ ವಿಡಿಯೊ ಅವರ ಹತ್ತಿರ ಇತ್ತು. ಸ್ಕ್ರೀನ್ ಹಾಕಿದ ಕಡೆಯೆಲ್ಲ ಆಳು ಅದಲುಬದಲು ಮಾಡಿಕೊಂಡು ತ್ರೀ ಗೆರೆಯ ಮೇಲೇ ನಿಂತರು, ಒಳಗೆ ನುಗ್ಗಿ ಅಂತ ಬಿಟ್ಟರು. ಯಾವ ಪದ್ಧತಿಗೂ ಮೂರು ವರ್ಷಕ್ಕಿಂತ ಹೆಚ್ಚು ಆಯಸ್ಸಿಲ್ಲ.

ಕಂಠೀರವ_ಬಾಲ್ಕನಿ

ಭಾರತದ ಕಡೆ ಒಂದು ಸುತ್ತು ಬರೋಣವೇ? 2010ರಿಂದ ಪುರುಷರ ತಂಡಕ್ಕೆ ಬಿಲ್ ಹ್ಯಾರಿಸ್, ಕೆನಿ ನ್ಯಾಟ್, ಸ್ಕಾಟ್ ಫ್ಲೆಮಿಂಗ್ ಅಂತ ಸಾಲಾಗಿ ಅಮೆರಿಕನ್ನರು ಬಂದರು. 2019ರಲ್ಲಿ ಸರ್ಬಿಯಾದ ವೆಸೆಲಿನ್ ಮಾಟಿಚ್.

ಸ್ಕೋರ್‌ಶೀಟ್_ಶಾನುಭೋಗ

ಇವರಲ್ಲಿ ಇಬ್ಬರನ್ನ ಎದುರುಬದುರು ಇಟ್ಟು ನೋಡಿ.

ಫ್ಲೆಮಿಂಗ್ 2012ರಿಂದ 2015ರವರೆಗೆ ಇದ್ದರು. 2014ರಲ್ಲಿ ವುಹಾನ್‌ನಲ್ಲಿ ಚೀನಾವನ್ನ ಅವರ ನೆಲದಲ್ಲೇ 65–58ಕ್ಕೆ ಸೋಲಿಸಿದ್ದು ಆ ಕಾಲದಲ್ಲಿ. ಅಂಕ ಗಮನಿಸಿ, ಎರಡೂ ಕಡೆ ಕಡಿಮೆ. ಸರದಿಗಳನ್ನ ಉದ್ದಕ್ಕೆ ಎಳೆದು, ಹೈ ಪೋಸ್ಟ್‌ನಲ್ಲಿ (ಫ್ರೀ ಥ್ರೋ ಗೆರೆ ಹತ್ತಿರ) ದೊಡ್ಡ ಆಟಗಾರನಿಗೆ ಬಾಲ್ ಕೊಟ್ಟು, ಸುತ್ತ ಓಡೋರಿಗೆ ಪಾಸ್ ಮಾಡಿಸೋ ಆಟ. ಸರದಿ ಕಡಿಮೆ ಆದಷ್ಟೂ ಬಲಹೀನ ತಂಡಕ್ಕೆ ಅದೃಷ್ಟದ ಪಾಲು ಹೆಚ್ಚು. ಹೊವಾಸ್ ಇದಕ್ಕೆ ತದ್ವಿರುದ್ಧ, ಸರದಿ ಹೆಚ್ಚಿಸಿ ತ್ರೀ ಸುರಿಸಿದವರು. ಎರಡೂ ದಾರಿಗೂ ಅರ್ಥ ಇದೆ. ಒಂದು ತಂಡದಲ್ಲಿ ಎರಡನ್ನೂ ಕಲಸಿದರೆ ಮಾತ್ರ ಕೆಡುತ್ತೆ.

ಮಾಟಿಚ್ ಇರಾನ್‌ಗೆ 2009ರ ಏಷ್ಯಾ ಪ್ರಶಸ್ತಿ ಗೆಲ್ಲಿಸಿದವರು, ಟಿಯಾಂಜಿನ್ ಫೈನಲ್‌ನಲ್ಲಿ ಚೀನಾ ಎದುರು 70–52. ಅಲ್ಲಿ ಅವರ ಕೈಲಿ 218 ಸೆಂ.ಮೀ. ಹದ್ದಾದಿ ಇದ್ದರು. ಇಲ್ಲಿ ಅಂಥವರು ಇಲ್ಲ. ಅಡುಗೆಯವರು ಅವರೇ, ಸಾಮಾನು ಬೇರೆ.

ಫ್ಲೆಮಿಂಗ್ ಮತ್ತೆ ಬಂದು 2025ರ ಜೆಡ್ಡಾ ಏಷ್ಯಾ ಕಪ್‌ಗೆ ತಂಡ ಒಯ್ದರು. ಜೋರ್ಡಾನ್ ಎದುರು ಓವರ್‌ಟೈಮ್‌ವರೆಗೆ ಎಳೆದರು, ಗೆಲ್ಲಲಿಲ್ಲ. ಹೊವಾಸ್‌ಗೆ ಸಿಕ್ಕ ಹಾಗೆ ದೇಶಿ ಲೀಗ್‌ನಲ್ಲಿ ಏಳು ವರ್ಷ ಆಟಗಾರರನ್ನ ದಿನಾ ನೋಡೋ ಅವಕಾಶ ಇವರ್ಯಾರಿಗೂ ಸಿಕ್ಕಿಲ್ಲ. ಜಪಾನ್‌ನಲ್ಲೂ ಎರಡು ಲೀಗ್ ಕಚ್ಚಾಡಿ 2014ರಲ್ಲಿ ಫೀಬಾ ನಿಷೇಧ ಹೇರಿತ್ತು, ಒಂದೇ ಬಿ ಲೀಗ್ ಆಗಿ ಶುರುವಾದದ್ದು 2016ರಲ್ಲಿ. ಲೀಗ್ ಮೊದಲು, ಕೋಚ್ ಆಮೇಲೆ.

ಪಿಇ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಹುಡುಗಿಯರಿಗೆ ಈ ಫೈವ್ ಔಟ್ ಕಲಿಸೋದಾದರೆ ಎಲ್ಲಿಂದ ಶುರು ಮಾಡಬೇಕು? ಸಿಮೆಂಟ್ ಕೋರ್ಟ್, ಎರಡು ರಿಂಗ್, 12 ಮಕ್ಕಳು, 4 ಬಾಲ್ ಇದೆ ಅಂತಿಟ್ಟುಕೊಳ್ಳಿ.

ಹೈ_ಪೋಸ್ಟ್

ಮೇಷ್ಟ್ರೇ, ಬಾಲ್ ಸೈಜ್ 6 ಇದೆಯಾ ನೋಡಿ. ಸೈಜ್ 7 ಕೊಟ್ಟರೆ ಹುಡುಗಿಯರು ದೂರದಿಂದ ಎರಡು ಕೈಯಲ್ಲಿ ಎದೆಯಿಂದ ತಳ್ಳೋದು ಕಲಿತುಬಿಡ್ತಾರೆ, ಆಮೇಲೆ ಬಿಡಿಸೋದು ಕಷ್ಟ.

ಮೊದಲ ಎರಡು ವಾರ ತ್ರೀ ಬೇಡ. ಒಂದು ರಿಂಗ್‌ಗೆ ಆರು ಜನ, ಎರಡು ಬಾಲ್. ಐವರು ಹೊರಗೆ ಐದು ಜಾಗದಲ್ಲಿ: ಎರಡು ಕಾರ್ನರ್ (ಮೂಲೆ), ಎರಡು ವಿಂಗ್ (ಎಡ ಬಲ ಬದಿ), ಒಂದು ಟಾಪ್ (ರಿಂಗ್‌ಗೆ ನೇರ ಎದುರು). ಆರನೆಯವಳು ಡಿಫೆಂಡರ್. ಟಾಪ್‌ನಿಂದ ವಿಂಗ್‌ಗೆ ಪಾಸ್, ಪಾಸ್ ಕೊಟ್ಟವಳು ರಿಂಗ್‌ಗೆ ಓಡಿ ಎದುರು ಕಾರ್ನರ್‌ಗೆ ಹೋಗಬೇಕು, ಉಳಿದವರು ಒಂದೊಂದು ಜಾಗ ಮೇಲಕ್ಕೆ ತುಂಬಬೇಕು. ಸೀಟಿ ಊದಿದಾಗ ಎಲ್ಲರ ನಡುವೆ ನಾಲ್ಕು ಮೀಟರ್ ಇರಲೇಬೇಕು. ಮಕ್ಕಳು ತಪ್ಪು ಮಾಡೋದು ಇಲ್ಲೇ, ಬಾಲ್ ಇರೋ ಕಡೆಗೆ ಇರುವೆ ಮುತ್ತಿದ ಹಾಗೆ ಮುತ್ತುತ್ತಾರೆ. ಜಾಗ ಮುಚ್ಚಿದರೆ ಐವರು ಹೊರಗೆ ನಿಂತೂ ಪ್ರಯೋಜನ ಇಲ್ಲ.

ಮೂರನೇ ವಾರ ಡ್ರೈವ್. ವಿಂಗ್‌ನಿಂದ ನುಗ್ಗಿ, ಡಿಫೆಂಡರ್ ಅಡ್ಡ ಬಂದರೆ ಕಾರ್ನರ್‌ಗೆ ಪಾಸ್, ಬರದಿದ್ದರೆ ಲೇಅಪ್. ಎರಡೇ ಆಯ್ಕೆ. ನಡುವೆ ನಿಂತು ಜಂಪ್ ಶಾಟ್ ಹೊಡೆದರೆ ಬಿದ್ದರೂ ಎಣಿಸಬೇಡಿ.

ಆಮೇಲೆ ದೂರದ ಹೊಡೆತ. ಐದು ಜಾಗ, ಜಾಗಕ್ಕೆ 20, ಒಟ್ಟು 100. ವಾರಕ್ಕೆ ಮೂರು ದಿನ ಪುಸ್ತಕದಲ್ಲಿ ಬರೆಸಿ. ಯಾರೂ ಅಡ್ಡ ಇಲ್ಲದಾಗ 55–60 ಬೀಳೋವರಿಗೆ ಮ್ಯಾಚ್‌ನಲ್ಲಿ ಹೊಡೆಯೋ ಅನುಮತಿ ಕೊಡಿ, ಅಲ್ಲಿ ಅದು ಮೂವತ್ತರ ಆಸುಪಾಸಿಗೆ ಇಳಿಯುತ್ತೆ. ಅಭ್ಯಾಸದಲ್ಲೇ ನಲವತ್ತು ದಾಟದವರು ಒಂದು ಹೆಜ್ಜೆ ಒಳಗಿಂದ ಮುಂದುವರಿಸಲಿ.

ಧಾರವಾಡ_ಡ್ರಿಬಲ್

ಸರ್, ಮೊದಲ ನಿಮ್ಮ ಕೋರ್ಟಿನ ಗೆರಿ ಯಾವ ಕಾಲದ್ದು ನೋಡ್ರಿ. 2010ಕ್ಕ ಫೀಬಾ ತ್ರೀ ಗೆರಿ 6.25ರಿಂದ 6.75 ಮೀಟರಿಗೆ ಸರಸ್ಯಾರ. ನಮ್ಮ ಕಡೆ ಎಷ್ಟೋ ಸಾಲಿ ಕೋರ್ಟ್‌ದಾಗ ಇನ್ನೂ ಹಳೇ ಗೆರಿನ ಐತಿ. ಗುರುತು ಹಿಡಿಯೋದು ಸರಳ: ರಿಂಗ್ ಬುಡದ ಪೇಂಟ್ ಜಾಗ ಬುಟ್ಟಿ ಬೋರಲು ಹಾಕಿದಂಗ ಅಗಲ ಆಗಿ ಬಂದಿದ್ರ ಹಳೇದು. ಹೊಸಾದು ಆಯತ, 4.9 ಅಗಲ 5.8 ಉದ್ದ. ಹಳೇ ಗೆರಿ ಮ್ಯಾಲೆ ಪ್ರಾಕ್ಟೀಸ್ ಮಾಡಿದ ಹುಡುಗ್ಯಾರು ಜಿಲ್ಲಾ ಮ್ಯಾಚಿಗೆ ಹೋದ್ರ ಎಲ್ಲಾ ಬಾಲ್ ರಿಂಗಿನ ಮುಂದ ಬಡೀತಾವ.

ಪಿಇ_ಮೇಷ್ಟ್ರು

ಪೇಂಟ್ ಜಾಗ ಅಗಲವಾಗೇ ಇದೆ! ಹೊಸ ಗೆರೆ ಎಳೆಯೋಕೆ ರಿಂಗ್ ಕಂಬದಿಂದ ಅಳೆದರೆ ಸಾಕಾ?

ಸ್ಕೋರ್‌ಶೀಟ್_ಶಾನುಭೋಗ

ಕಂಬದಿಂದಲೂ ಬೇಡ, ಬೋರ್ಡ್‌ನಿಂದಲೂ ಬೇಡ. ರಿಂಗ್ ನಡುವಿನಿಂದ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ಚುಕ್ಕೆ ಹಾಕಿ. ಆ ಚುಕ್ಕೆ ಬೇಸ್‌ಲೈನಿನ ಒಳ ಅಂಚಿನಿಂದ 1.575 ಮೀಟರ್ ಇರಬೇಕು. ಇಲ್ಲದಿದ್ದರೆ ಕಂಬವೋ ಗೆರೆಯೋ ಸರಿದಿದೆ, ಮೊದಲು ಅದನ್ನ ಸರಿಮಾಡಿ. ಚುಕ್ಕೆಯಿಂದ 6.75 ತಗೊಂಡು ಕಮಾನು ಎಳೆಯಿರಿ, ಅದು ಗೆರೆಯ ಹೊರ ಅಂಚು. 5 ಸೆಂ.ಮೀ. ಬಣ್ಣ ಅದರ ಒಳಗೆ ಬರಬೇಕು. ಕಾರ್ನರ್‌ನಲ್ಲಿ ಕಮಾನು ಅಲ್ಲ, ಸೈಡ್‌ಲೈನಿನಿಂದ 90 ಸೆಂ.ಮೀ. ಒಳಗೆ ನೇರ ಗೆರೆ, ಬೇಸ್‌ಲೈನಿನಿಂದ 2.99 ಮೀಟರ್‌ವರೆಗೆ. ಅಲ್ಲಿಗೆ ಕಮಾನು ತಾನಾಗೇ ಬಂದು ಕೂಡುತ್ತೆ. ಕೂಡದಿದ್ದರೆ ಅಳತೆ ತಪ್ಪಿದೆ ಅಂತಲೇ ಅರ್ಥ.

ಕೋರ್ಟ್ ಅಗಲ 15 ಮೀಟರ್ ಇದೆಯಾ?

ಪಿಇ_ಮೇಷ್ಟ್ರು

14 ಇದೆ.

ಹೈ_ಪೋಸ್ಟ್

ಹಾಗಾದರೆ ಲೆಕ್ಕ ಬದಲಾಯ್ತು. ನಡುವಿನಿಂದ ಸೈಡ್‌ಲೈನ್‌ಗೆ 7 ಮೀಟರ್. ಸರಿಯಾದ 6.60ಕ್ಕೆ ಗೆರೆ ಎಳೆದರೆ ಉಳಿಯೋದು 40 ಸೆಂ.ಮೀ. ಕಾರ್ನರ್‌ನಲ್ಲಿ ನಿಂತವಳು ಕಾಲಿಟ್ಟರೆ ಹೊರಗೆ. 90 ಬಿಟ್ಟರೆ ದೂರ 6.10 ಆಗುತ್ತೆ, ಸುಳ್ಳು ಅಭ್ಯಾಸ. ನನ್ನ ಸಲಹೆ, ಕಾರ್ನರ್ ಗೆರೆ ಎಳೆಯಲೇ ಬೇಡಿ. ಕಮಾನನ್ನ ವಿಂಗ್‌ವರೆಗೆ ಮಾತ್ರ ಎಳೆದು, ಕಾರ್ನರ್ ಮಕ್ಕಳನ್ನ ಎರಡು ಹೆಜ್ಜೆ ಮೇಲಕ್ಕೆ ನಿಲ್ಲಿಸಿ. ಐದು ಜಾಗದ ಅಂತರ ಸ್ವಲ್ಪ ಕಿರಿದಾಗುತ್ತೆ, ಅಷ್ಟೇ.

ಧಾರವಾಡ_ಡ್ರಿಬಲ್

ಮತ್ತ ಕಮಾನು ಎಳಿಯೂ ಮುಂದ ನೂಲಿನ ದಾರ ತಗೋಬ್ಯಾಡ್ರಿ ಸರ್. ಜಗ್ಗಿದಂಗ ಉದ್ದ ಆಗ್ತದ, ಒಂದ ಕಡೆ 6.75 ಇದ್ದದ್ದು ಇನ್ನೊಂದ ಕಡೆ 6.85 ಆಗಿರ್ತದ. ಸಣ್ಣ ಜಿಐ ತಂತಿ ತಗೋರಿ, ಚುಕ್ಕಿ ಮ್ಯಾಲೆ ಒಬ್ಬರು ಮೊಳೆ ಒತ್ತಿ ಹಿಡ್ಕೊಂಡು ಕುಂದರ್ಲಿ. ಮೊದಲ ಸೀಮಿಸುಣ್ಣ, ಟೇಪ್ ಹಚ್ಚಿ ಮೂರು ಕಡೆ ಅಳದು ನೋಡಿ, ಆಮ್ಯಾಲೆ ಬಣ್ಣ.